ಓದುಗರ ಪ್ರಶ್ನೆಗೆ ಉತ್ತರ: ಮಕ್ಕಳಿಗೆ ಚಿಕ್ಕದಾದ ಅರಿವೆಗಳನ್ನು ಏನು ಮಾಡುವುದು?

ಮಕ್ಕಳು ಬೆಳೆದ ಮೇಲೆ ಟ್ರಂಕಿನಲ್ಲಿ, ಅಟ್ಟದ ಮೇಲೆ, ಗಂಟುಗಳಲ್ಲಿ ಉಳಿದುಬಿಡುವ ಬಟ್ಟೆಗಳ ಕುರಿತು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಪತ್ರ ಬರೆದಿದ್ದಾರೆ. ಹಲವು ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆ ಇದ್ದುದರಿಂದ ಅವುಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರಗಳು. ನನ್ನ ಮಗಳಿಗೆ ಈಗ ಎಂಟು ವರ್ಷ, ಮಗನಿಗೆ ಐದು. ಇಬ್ಬರೂ ಹುಟ್ಟಿದಾಗಿನಿಂದ ತೊಟ್ಟ ಬಟ್ಟೆಗಳು ಎರಡು ಟ್ರಂಕಿನ ತುಂಬ ಇವೆ. ಬಾಂಡೆ ಸಾಮಾನು ಮಾರಲು ಬರುವವರಿಗೆ ಹಾಕಿ ಒಂದು ಬುಟ್ಟಿಯನ್ನಾದರೂ ತೆಗೆದುಕೋ ಎಂದು ಅತ್ತೆಯವರು ಹೇಳುತ್ತಾರೆ, ಆದರೆ ನನಗೆ ಮನಸ್ಸು ಬರುವುದಿಲ್ಲ. ಮೊಬೈಲಿನಲ್ಲಿ ಹಳೆಯ ಬಟ್ಟೆಯಿಂದ ಬೊಂಬೆ, ದಿಂಬು ಮಾಡುವುದನ್ನು ನೋಡಿದ್ದೇನೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ.
— ಗೃಹಿಣಿ, ಕಲಬುರಗಿ

ಉತ್ತರ: ತಂಗಿ, ಏನು ಹೊಲಿಯಬೇಕೆಂಬ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ದೊಡ್ಡವರ ಬಟ್ಟೆ ಹರಿದು ಹಳತಾಗುತ್ತದೆ. ಮಕ್ಕಳ ಬಟ್ಟೆ ಹರಿಯುವ ಮೊದಲೇ ಚಿಕ್ಕದಾಗುತ್ತದೆ. ಹಾಗಾಗಿ ನಿಮ್ಮ ಟ್ರಂಕಿನಲ್ಲಿರುವ ಅರಿವೆಗಳಲ್ಲಿ ಬಹಳಷ್ಟು ಇನ್ನೂ ತೊಡುವಂತೆಯೇ ಇರುತ್ತವೆ. ತೊಡುವಂತಿರುವ ಅಂಗಿಗೆ ಇನ್ನೊಂದು ಮಗುವಿನ ಮೈಗಿಂತ ಒಳ್ಳೆಯ ಜಾಗವಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಗಟ್ಟಿಯಾದ ಫ್ರಾಕನ್ನು ಕತ್ತರಿಸಿ ಬೊಂಬೆ ಮಾಡಿದರೆ ಆ ಬೊಂಬೆ ಕೆಲವೇ ದಿನ ಆಡಿ ಮೂಲೆ ಸೇರುತ್ತದೆ, ಫ್ರಾಕು ತೊಡಬಹುದಾಗಿದ್ದ ಮಗುವಿಗೆ ಅದು ಸಿಗದೇ ಹೋಗುತ್ತದೆ. ಕತ್ತರಿಯನ್ನು ಕೊನೆಗೆ ತೆಗೆಯಿರಿ.

ಟ್ರಂಕಿನ ಬಟ್ಟೆಗಳನ್ನು ಚಾಪೆಯ ಮೇಲೆ ಸುರಿದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಕಂಕುಳ, ಕಾಲುಗಳ ನಡುವಿನ ಹೊಲಿಗೆ ಮತ್ತು ಮೊಣಕಾಲು, ಈ ಮೂರು ಕಡೆ ನೂಲು ಸವೆದಿಲ್ಲದಿದ್ದರೆ ಆ ಬಟ್ಟೆ ಇನ್ನೊಬ್ಬರಿಗೆ ಕೊಡುವಂಥದ್ದು. ಇಲಾಸ್ಟಿಕ್ ಎಳೆದಾಗ ಮರಳಿ ಕೂಡಿಕೊಳ್ಳದಿದ್ದರೆ ಹೊಸದನ್ನು ಹಾಕಿಸಿ. ಅದಕ್ಕೆ ಹೆಚ್ಚು ಖರ್ಚಿಲ್ಲ. ಮಗನಿಗೆ ಅಕ್ಕನ ಬಣ್ಣದ ಅಂಗಿಗಳು ಆಗುತ್ತವೆಯೇ ಎಂದು ಹಾಕಿ ನೋಡಿ, ಮನೆಯಲ್ಲಿ ತೊಡುವುದಕ್ಕೆ ಹುಡುಗ ಹುಡುಗಿ ಎಂಬ ಭೇದ ಬೇಕಿಲ್ಲ.

ಮಗಳ ಬಟ್ಟೆಗಳಲ್ಲಿಯೂ ಕೆಲವು ಇನ್ನೊಂದು ವರ್ಷ ನಡೆಯಬಹುದು. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 7 ಸೆಂ.ಮೀ. ಎತ್ತರ ಬೆಳೆಯುತ್ತಾರೆ, ಮೈಯ ಸುತ್ತಳತೆ ಅಷ್ಟು ಬೇಗ ಹೆಚ್ಚುವುದಿಲ್ಲ. ಎಂದರೆ ಫ್ರಾಕು ಗಿಡ್ಡಾಗಿರುತ್ತದೆಯೇ ಹೊರತು ಎದೆಯ ಹತ್ತಿರ ಬಿಗಿಯಾಗಿರುವುದಿಲ್ಲ. ಹಿಂದೆ ಸಿಂಪಿಗರು ಪರಕರದ ಕೆಳಗೆ ಎರಡು ಮೂರು ಮಡಿಕೆ ಬಿಟ್ಟು ಹೊಲಿಯುತ್ತಿದ್ದುದೂ, ಮಗು ಬೆಳೆದಂತೆ ತಾಯಂದಿರು ಒಂದೊಂದು ಮಡಿಕೆ ಬಿಚ್ಚುತ್ತಿದ್ದುದೂ ಇದೇ ಕಾರಣಕ್ಕೆ. ಈಗಿನ ಸಿದ್ಧ ಉಡುಪಿನಲ್ಲಿ ಮಡಿಕೆ ಇರುವುದಿಲ್ಲವಾದ್ದರಿಂದ ಅಂಚಿಗೆ ಮೂರು ಅಂಗುಲದ ಖಣದ ಪಟ್ಟಿ ಕೂಡಿಸಿ. ಗುಳೇದಗುಡ್ಡದ ಖಣದ ಒಂದು ಹಳೆಯ ಕುಪ್ಪಸವಿದ್ದರೆ ಎರಡು ಫ್ರಾಕಿಗೆ ಸಾಕಾಗುತ್ತದೆ, ನೋಡಲೂ ಚೆಂದ. ಪಟ್ಟಿ ಕೂಡಿಸುವ ಮೊದಲು ಅದನ್ನು ಒಮ್ಮೆ ಒಗೆಯಿರಿ, ಇಲ್ಲವಾದರೆ ಮೊದಲ ಒಗೆತದಲ್ಲಿ ಪಟ್ಟಿ ಕುಗ್ಗಿ ಅಂಚು ಸುಕ್ಕುಗಟ್ಟುತ್ತದೆ.

ಇನ್ನು ಹರಿದ, ಕಲೆ ಹೋಗದ ಬಟ್ಟೆಗಳು. ಇವುಗಳನ್ನು ನೂಲಿನ ಬಗೆ ನೋಡಿ ಬೇರ್ಪಡಿಸಬೇಕು, ಏಕೆಂದರೆ ಮುಂದಿನ ಉಪಯೋಗವೆಲ್ಲ ಅದನ್ನೇ ಅವಲಂಬಿಸಿದೆ. ಚೀಟಿ ಮಾಸಿಹೋಗಿದ್ದರೆ ಒಳಹೊಲಿಗೆಯಿಂದ ನಾಲ್ಕೆಳೆ ನೂಲನ್ನು ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ದೊಡ್ಡವರೇ ಕಡ್ಡಿ ಗೀರಿ ಸುಟ್ಟು ನೋಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕುಗ್ಗಿ, ಕರಗಿ, ತಣ್ಣಗಾದ ಮೇಲೆ ಗಟ್ಟಿಯಾದ ಕರಿಮಣಿಯಂತಾಗುತ್ತದೆ. ಟೆರಿಕಾಟ್‌ನಲ್ಲಿ ಎರಡೂ ಲಕ್ಷಣ ಕಾಣುತ್ತವೆ. ಕರಗುವ ಬಟ್ಟೆಯನ್ನು ಅಡುಗೆಮನೆಗೆ ತರಲೇಬೇಡಿ. ಜೋಳದ ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ನೀರು ಸವರುವ ಅರಿವೆಗೆ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ ಹತ್ತಿಯೇ ಆಗಬೇಕು. ಪಾಲಿಯೆಸ್ಟರ್ ಹಂಚಿಗೆ ತಾಗಿದರೆ ಕರಗುತ್ತದೆ, ಕರಗಿದ್ದು ಕೈಗೆ ಅಂಟಿದರೆ ಗಾಯ ಆಳವಾಗುತ್ತದೆ. ರೊಟ್ಟಿಯ ಅರಿವೆಗೆ ಕೂಸಿನ ಹಳೆಯ ಜಬಲಾದಷ್ಟು ಒಳ್ಳೆಯ ಬಟ್ಟೆ ಸಿಗುವುದಿಲ್ಲ. ಹಲವು ಸಲ ಒಗೆದು ಮೆತ್ತಗಾದ ಆ ತೆಳು ಹತ್ತಿ ನೀರನ್ನು ಚೆನ್ನಾಗಿ ಹಿಡಿದು, ರೊಟ್ಟಿಯ ಮೇಲೆ ಎಲ್ಲ ಕಡೆ ಒಂದೇ ಸಮನೆ ಬಿಡುತ್ತದೆ. ಒಂದು ಜಬಲಾದಿಂದ ಅಂಗೈಯಗಲದ ನಾಲ್ಕು ತುಂಡು ಮಾಡಿಕೊಂಡು, ಅಂಚು ಮಡಿಚಿ ಹೊಲಿದು, ಬಳಸಿದ ಪ್ರತಿ ಸಲವೂ ಒಗೆದು ಒಣಗಿಸಿ.

ಬಾಂಡೆ ಸಾಮಾನಿನವರಿಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ ಎಂಬುದನ್ನೂ ಹೇಳಬೇಕು. ಅವರು ಪಡೆದ ಬಟ್ಟೆ ಹಳೆಯ ಬಟ್ಟೆಗಳ ಸಂತೆಯಲ್ಲಿ ಮಾರಾಟವಾಗಿ ಯಾರೋ ತೊಡುತ್ತಾರೆ, ಅದು ಅವರ ಹೊಟ್ಟೆಪಾಡಿನ ಉದ್ಯೋಗವೂ ಹೌದು. ನಿಮ್ಮ ಅತ್ತೆಯವರ ಮಾತಿನಲ್ಲಿ ವಿವೇಕವಿದೆ. ಮನಸ್ಸಿಗೆ ಹತ್ತಿರವಾದ ಕುಲಾವಿ, ಕುಂಚಿಗೆ, ತೊಟ್ಟಿಲಿಗೆ ಹಾಕಿದಾಗ ಉಡಿಸಿದ ಅಂಗಿ ಇಂಥ ಎರಡು ಮೂರನ್ನು ಉಳಿಸಿಕೊಂಡು, ಇನ್ನುಳಿದ ಬಟ್ಟೆಗಳಿಗೆ ದಾರಿ ಮಾಡಿ.

ಪ್ರಶ್ನೆ: ಮೊಮ್ಮಗಳ ಹಳೆಯ ಬಟ್ಟೆಗಳಿಂದ ಅವಳಿಗೇ ಒಂದು ಕೌದಿ ಹೊಲಿಯಬೇಕೆಂಬ ಆಸೆ ನನಗಿದೆ. ನಮ್ಮ ಕಾಲದಲ್ಲಿ ಎಲ್ಲವೂ ಹತ್ತಿಯ ಬಟ್ಟೆ. ಈಗ ಬನಿಯನ್ನಿನಂತೆ ಜಗ್ಗುವ ಬಟ್ಟೆ, ಜಾರುವ ಬಟ್ಟೆ, ಜೀನ್ಸು ಎಲ್ಲ ಬೆರೆತಿವೆ. ಹೊಲಿಯಲು ಕುಳಿತರೆ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಸೆಳೆಯುತ್ತದೆ. ಏನು ಮಾಡಲಿ?
— ಹಿರಿಯ ಓದುಗರು, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಅಮ್ಮಾ, ಕೌದಿ ಹೊಲಿಯುವುದು ತಮಗೆ ಗೊತ್ತಿರುವ ವಿದ್ಯೆ, ನಾನು ಬಟ್ಟೆಯ ವಿಚಾರವನ್ನಷ್ಟೇ ಹೇಳುತ್ತೇನೆ. ತಮ್ಮ ಪತ್ರ ಓದಿ ಬಹಳ ಸಂತೋಷವಾಯಿತು, ಏಕೆಂದರೆ ಮಕ್ಕಳ ಸಣ್ಣ ಸಣ್ಣ ಬಟ್ಟೆಗಳಿಗೆ ಕೌದಿಗಿಂತ ತಕ್ಕದಾದ ಹೊಲಿಗೆ ಇನ್ನೊಂದಿಲ್ಲ. ಬೇರೆ ಕಡೆಯ ಚೂರುಬಟ್ಟೆಯ ಹೊದಿಕೆಗಳಲ್ಲಿ ಮೊದಲು ತುಂಡುಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಒಂದಕ್ಕೊಂದು ಕೂಡಿಸಬೇಕಾಗುತ್ತದೆ. ನಮ್ಮ ಕೌದಿಗೆ ಆ ಕಟ್ಟುಪಾಡಿಲ್ಲ. ಕೆಳಗೆ ಹಳೆಯ ಸೀರೆ ಹಾಸಿ, ಅದರ ಮೇಲೆ ಇರುವ ತುಂಡನ್ನು ಇರುವ ಆಕಾರದಲ್ಲಿಯೇ ಅಂಚು ಮಡಿಚಿ ಇಟ್ಟು, ಕೆಳಗಿನ ಸೀರೆಯವರೆಗೆ ಸೂಜಿ ಇಳಿಸಿ ಹೊಲಿಯುತ್ತ ಹೋದರಾಯಿತು. ಅಂಗೈಯಗಲದ ಕಿಸೆ, ಗೇಣುದ್ದದ ತೋಳು, ಕೊರಳಪಟ್ಟಿ ಯಾವುದೂ ವ್ಯರ್ಥವಾಗುವುದಿಲ್ಲ.

ತಾವು ಹೇಳಿದ ತೊಂದರೆಗೆ ಕಾರಣ, ಜಗ್ಗುವ ಬಟ್ಟೆಯೂ ಜಗ್ಗದ ಬಟ್ಟೆಯೂ ಮೇಲ್ಪದರದಲ್ಲಿ ಅಕ್ಕಪಕ್ಕ ಬಂದಿರುವುದು. ಟೀ ಶರ್ಟು, ಬನಿಯನ್ನು, ಲೆಗ್ಗಿಂಗ್ಸು ಮುಂತಾದವು ಹೆಣೆದ ಬಟ್ಟೆಗಳು. ಅವುಗಳ ನೂಲು ಕುಣಿಕೆ ಕುಣಿಕೆಯಾಗಿ ಇರುವುದರಿಂದ ಎಳೆದತ್ತ ಹಿಗ್ಗುತ್ತವೆ. ಫ್ರಾಕು, ಅಂಗಿ, ಪರಕರ ಹಾಸುಹೊಕ್ಕಿನಿಂದ ನೇಯ್ದ ಬಟ್ಟೆಗಳು, ಅವು ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಹೆಣೆದ ಬಟ್ಟೆಗಳನ್ನೆಲ್ಲ ಒಳಪದರಕ್ಕೆ ಹಾಕಿ. ಟೀ ಶರ್ಟಿನ ಬೆನ್ನಿನ ಭಾಗವನ್ನು ಹೊಲಿಗೆಯಿಲ್ಲದಂತೆ ಕತ್ತರಿಸಿ, ಒಂದರ ಅಂಚಿಗೆ ಇನ್ನೊಂದರ ಅಂಚು ತಾಗುವಂತೆ, ಒಂದರ ಮೇಲೊಂದು ಬಾರದಂತೆ ಸೀರೆಯ ಮೇಲೆ ಹರಡಿ, ಉದ್ದಕ್ಕೂ ಅಗಲಕ್ಕೂ ದೊಡ್ಡ ದೊಡ್ಡ ಟಾಕಿ ಹಾಕಿ ಹಿಡಿದಿಟ್ಟುಕೊಳ್ಳಿ. ಅದರ ಮೇಲೆ ನೇಯ್ದ ಬಟ್ಟೆಯ ತುಂಡುಗಳು ಬರಲಿ. ಮೊಮ್ಮಗಳಿಗೆ ಪ್ರಿಯವಾದ ಚಿತ್ರವಿರುವ ಟೀ ಶರ್ಟು ಮೇಲೆಯೇ ಕಾಣಬೇಕೆಂದಿದ್ದರೆ, ಆ ಚಿತ್ರದ ಭಾಗವನ್ನು ಮೊದಲು ತೆಳುವಾದ ಹತ್ತಿ ಬಟ್ಟೆಗೆ ಸುತ್ತಲೂ ಹೊಲಿದು ಆನಂತರ ಕೌದಿಗೆ ಕೂಡಿಸಿದರೆ ಹಿಗ್ಗುವುದಿಲ್ಲ. ಜಾರುವ ಬಟ್ಟೆಗಳೂ ಒಳಗೇ ಇರಲಿ, ಅದೂ ಕಡಿಮೆ. ಅವು ಬೆವರನ್ನು ಹೀರುವುದಿಲ್ಲ. ಜೀನ್ಸು ಬೇಡ. ಕೈಸೂಜಿ ಅದರೊಳಗೆ ಇಳಿಯುವುದು ಕಷ್ಟ, ಒಗೆದಾಗ ಕೌದಿ ಎತ್ತಲಾರದಷ್ಟು ಭಾರವಾಗುತ್ತದೆ.

ಅಳತೆಗೆ ಸೀರೆಯ ಅಗಲವನ್ನೇ ನಂಬಿ. ಸೀರೆ ಸುಮಾರು 45 ಅಂಗುಲ ಅಗಲ ಇರುವುದರಿಂದ ಎಂಟು ಅಡಿ ಉದ್ದ ಕತ್ತರಿಸಿ ಎರಡು ಪದರ ಮಾಡಿದರೆ ನಾಲ್ಕು ಅಡಿಯ ಸಣ್ಣ ಕೌದಿ ಸಿದ್ಧವಾಗುತ್ತದೆ, ಐದಾರು ವರ್ಷದ ಮಗುವಿಗೆ ಇದು ಸಾಕು. ಹಳೆಯ ಹತ್ತಿಯ ಇಳಕಲ್ ಸೀರೆ ಇದ್ದರೆ ಅದೇ ಉತ್ತಮ, ಆದರೆ ಬಿಸಿಲಿಗೆ ಹಿಡಿದಾಗ ಮಡಿಕೆಗಳಲ್ಲಿ ಗೆರೆಗೆರೆಯಾಗಿ ಬೆಳಕು ಕಂಡರೆ ಆ ಸೀರೆ ಒಳಪದರಕ್ಕಷ್ಟೇ ಯೋಗ್ಯ. ಅಂಚಿನಿಂದ ಹೊರಟು ಸುತ್ತುಸುತ್ತಾಗಿ ನಡುವಿನ ಕಡೆಗೆ ಬನ್ನಿ. ಹೊಲಿಗೆಯ ಸಾಲುಗಳ ನಡುವೆ ಹೆಬ್ಬೆರಳಿನ ಅಗಲಕ್ಕಿಂತ ಹೆಚ್ಚು ಜಾಗ ಬಿಡಬೇಡಿ. ಸಾಲು ದೂರವಾದರೆ ಒಗೆಯುವಾಗ ಒಳಗಿನ ತುಂಡುಗಳು ಸರಿದು ಗಂಟಾಗುತ್ತವೆ. ಕೆಂಪು ಮತ್ತು ಕಡುನೀಲಿ ಬಟ್ಟೆಗಳನ್ನು ಹೊಲಿಯುವ ಮೊದಲು ಒದ್ದೆ ಮಾಡಿ ಬಿಳಿಯ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಪಕ್ಕಕ್ಕಿಡಿ. ಗುಂಡಿ, ಹುಕ್ಕು, ಜಿಪ್ಪುಗಳನ್ನು ಪೂರ್ತಿಯಾಗಿ ಬಿಚ್ಚಿ ಡಬ್ಬಿಗೆ ಹಾಕಿ, ಕೌದಿಯಲ್ಲಿ ಒಂದೂ ಉಳಿಯಬಾರದು.

ಮನೆಯಲ್ಲಿ ಇನ್ನೂ ಚಿಕ್ಕ ಕೂಸು ಇದ್ದರೆ ಒಂದು ಎಚ್ಚರಿಕೆ. ಒಂದು ವರ್ಷದೊಳಗಿನ ಕೂಸು ಮಲಗಿರುವಾಗ ಅದರ ಹತ್ತಿರ ದಪ್ಪವಾದ, ಸಡಿಲವಾದ ಹೊದಿಕೆಯಾಗಲಿ, ದಿಂಬಾಗಲಿ ಇರಬಾರದು, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ವರ್ಷ ತುಂಬಿದ ಮೇಲೆ ಕೂಸಿಗೂ ಕೌದಿಯ ಸುಖ ಸಿಗಲಿ. ಬೀದರ್ ಕಡೆಯ ಚಳಿಗಾಲದ ರಾತ್ರಿಗೆ ಈ ಕೌದಿ ಸಾಲದಿದ್ದರೆ ಇನ್ನೊಂದು ಪದರ ಕೂಡಿಸಬಹುದು. ಆದರೆ ಒಗೆಯುವವರ ತೋಳು, ಒಣಗಿಸುವ ಬಿಸಿಲು ಎರಡನ್ನೂ ನೆನೆದೇ ದಪ್ಪ ನಿಶ್ಚಯಿಸಿ.

ಪ್ರಶ್ನೆ: ನನಗೆ ಈಗ ಏಳನೆಯ ತಿಂಗಳು. ಮೊದಲ ಮಗನ ಅಂಗಿ, ಕುಲಾವಿ, ದುಪಟಿಗಳನ್ನು ತವರುಮನೆಯಲ್ಲಿ ಡಾಂಬರ್ ಗುಳಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇವೆ. ಹುಟ್ಟುವ ಕೂಸಿಗೆ ಹಳೆಯ ಬಟ್ಟೆಯನ್ನೇ ಮೊದಲು ಹಾಕಬೇಕೆಂದು ಅವ್ವ ಹೇಳುತ್ತಾಳೆ. ನೇರವಾಗಿ ಬಳಸಬಹುದೇ?
— ಓದುಗರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ತಾಯಿ, ಹಳೆಯ ಬಟ್ಟೆ ಹಾಕಬೇಕೆಂಬ ನಿಮ್ಮ ಅವ್ವನ ಮಾತು ಸರಿ. ಹಲವು ಸಲ ಒಗೆದ ಹತ್ತಿಯಲ್ಲಿ ಗಂಜಿಯೂ ಹೊಸ ಬಣ್ಣದ ಘಾಟೂ ಉಳಿದಿರುವುದಿಲ್ಲ, ಅದು ಎಳೆಯ ಚರ್ಮಕ್ಕೆ ಒರಟಾಗುವುದಿಲ್ಲ. ಆದರೆ ಟ್ರಂಕಿನಿಂದ ತೆಗೆದು ಹಾಗೆಯೇ ತೊಡಿಸುವುದು ಬೇಡವೇ ಬೇಡ, ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ.

ಡಾಂಬರ್ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲೀನ್. ಅದು ಕರಗದೆ ನೇರವಾಗಿ ಆವಿಯಾಗಿ ಬಟ್ಟೆಯ ಎಳೆಎಳೆಯಲ್ಲಿ ಸೇರಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸುಗಳಲ್ಲಿ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆದು ತೀವ್ರವಾದ ರಕ್ತಹೀನತೆಯನ್ನೂ ಕಾಮಾಲೆಯನ್ನೂ ತರಬಲ್ಲದು. ಈ ಗುಳಿಗೆಯೊಂದಿಗೆ ಇಟ್ಟಿದ್ದ ಬಟ್ಟೆ, ಕಂಬಳಿಗಳಿಂದಲೇ ನವಜಾತ ಶಿಶುಗಳಿಗೆ ಹೀಗಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನಮ್ಮ ಕಡೆ ಇನ್ನೊಂದು ವಿಚಾರವನ್ನೂ ಗಮನಿಸಬೇಕು. ನ್ಯಾಫ್ತಲೀನ್ ನೀರಿನಲ್ಲಿ ಕರಗುವುದು ತೀರ ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಪದ್ಧತಿ ಇರುವ ಮನೆಯಲ್ಲಿ, ಎಣ್ಣೆಯ ಜಿಡ್ಡಿರುವ ಮೈಗೆ ಆ ಬಟ್ಟೆ ಸುತ್ತಿದರೆ ಅದು ಚರ್ಮದ ಮೂಲಕ ಇನ್ನೂ ಸುಲಭವಾಗಿ ಒಳಸೇರುತ್ತದೆ.

ಆದ್ದರಿಂದ ಬಟ್ಟೆಗಳನ್ನು ಈಗಲೇ ಹೊರತೆಗೆದು ಸೋಪಿನ ಬಿಸಿನೀರಿನಲ್ಲಿ ಒಗೆದು, ಗಾಳಿಯಾಡುವ ಬಿಸಿಲಿನಲ್ಲಿ ಹಲವು ದಿನ ಹರಡಿ, ಮತ್ತೆ ಒಗೆಯಿರಿ. ಬರೀ ಒಗೆತದಿಂದ ಹೋಗದ್ದು ಗಾಳಿ ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಮೂಗಿಗೆ ಹಿಡಿದಾಗ ವಾಸನೆಯ ಸುಳಿವೂ ಇರಬಾರದು. ಇದ್ದರೆ ಆ ಬಟ್ಟೆ ಕೂಸಿಗೆ ಬೇಡ. ಹಾಲಿನ ಕಲೆಯಿಂದ ಹಳದಿಯಾದ ಬಿಳಿಯ ಅಂಗಿಗಳನ್ನು ಮಾತ್ರ ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಬಿಸಿನೀರಿಗೆ ಹಾಕಿ. ಕಲೆಯಿರುವಾಗಲೇ ಬಿಸಿನೀರು ತಗಲಿದರೆ ಕಲೆ ಗಟ್ಟಿಯಾಗಿ ಕೂಡುತ್ತದೆ. ಕುಲಾವಿ ಮತ್ತು ಅಂಗಿಯ ಕೊರಳಿನ ಲಾಡಿಗಳನ್ನು ಕತ್ತರಿಸಿ ತೆಗೆದು ಮೆತ್ತನೆಯ ಪಟ್ಟಿ ಹಾಕಿಸಿ. ಯುರೋಪಿನ ಸುರಕ್ಷತಾ ಮಾನದಂಡದಲ್ಲಿ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯ ಕೊರಳಿಗೂ ಟೊಪ್ಪಿಗೆಗೂ ದಾರ ಇರುವಂತಿಲ್ಲ. ಮುಂದೆ ತೆಗೆದಿಡುವಾಗ ಗಂಜಿ ಹಾಕದೆ, ಪೂರ್ತಿ ಒಣಗಿಸಿ, ಹಳೆಯ ಹತ್ತಿ ಸೀರೆಯ ಗಂಟಿನಲ್ಲಿ ಒಣಗಿದ ಬೇವಿನೆಲೆಯೊಂದಿಗೆ ಕಟ್ಟಿಡಿ. ಗಂಜಿಯ ರುಚಿಗೆ ಜಿರಳೆಗಳೂ ಬೆಳ್ಳಿಹುಳುಗಳೂ ಬರುತ್ತವೆ. ಕೂಸು ಹುಟ್ಟಿದ ಮೇಲೆ ಮೈ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಮನೆಮದ್ದಿಗೆ ಕಾಯದೆ ಅಂದೇ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮ ಭಾಗದಿಂದ ಬೆಂಗಳೂರು, ಮುಂಬೈ, ಪುಣೆಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಬಟ್ಟೆ ಸಂಗ್ರಹಿಸಿ ಕೊಡಬೇಕೆಂದು ನಾವು ಕೆಲವರು ಯೋಚಿಸಿದ್ದೇವೆ. ಹಳೆಯ ಬಟ್ಟೆಯಿಂದ ಕಜ್ಜಿ ಹರಡೀತೆಂಬ ಭಯ ಕೆಲವರಿಗಿದೆ. ಕೊಟ್ಟರೆ ಮಕ್ಕಳ ಮನಸ್ಸಿಗೆ ನೋವಾಗುವುದೇ ಎಂಬ ಅಳುಕು ನನಗಿದೆ.
— ಶಿಕ್ಷಕರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಗುರುಗಳೇ, ಕಜ್ಜಿಯ ಭಯಕ್ಕೆ ಪರಿಹಾರ ಸುಲಭ. ಕಜ್ಜಿಯ ಹುಳು ಮನುಷ್ಯನ ಮೈ ಬಿಟ್ಟ ಮೇಲೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಬಂದ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಂದು ವಾರ ಇಟ್ಟು, ಅನಂತರ 50 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಹೆದರಬೇಕಾದ ಕಾರಣವಿಲ್ಲ.

ತಮ್ಮ ಅಳುಕಿಗೆ ಹೆಚ್ಚು ಗಮನ ಕೊಡಬೇಕು, ಅದು ಸರಿಯಾದ ಅಳುಕು. ಸಂಗ್ರಹಿಸುವಾಗಲೇ ಮನೆಮನೆಗೆ ಒಂದು ಮಾತು ಹೇಳಿಬಿಡಿ: ನಿಮ್ಮ ತಮ್ಮನ ಮಗನಿಗೆ ಕೊಡಲು ಸಂಕೋಚವಾಗುವ ಬಟ್ಟೆಯನ್ನು ಇಲ್ಲಿಯೂ ಕೊಡಬೇಡಿ. ಗುಂಡಿ ಉದುರಿದ್ದು, ಜಿಪ್ಪು ಕೆಟ್ಟದ್ದು ತಮ್ಮ ಹತ್ತಿರ ಬಂದರೆ ರಿಪೇರಿ ಮಾಡಿಸಿಯೇ ಮುಂದೆ ಕಳಿಸಬೇಕು. ಬಳಸಿದ ಒಳಉಡುಪು ಬೇಡ, ಅದನ್ನು ಹೊಸದಾಗಿಯೇ ಕೊಂಡುಕೊಡಿ. ಇಸ್ತ್ರಿ ಮಾಡಿ, ವಯಸ್ಸಿನ ಅಳತೆಗೆ ತಕ್ಕಂತೆ ಹೊಂದಿಸಿಟ್ಟು, ತಾಯಂದಿರೂ ಮಕ್ಕಳೂ ಬಂದು ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳುವಂತೆ ಮಾಡಿ. ವೇದಿಕೆಯ ಮೇಲೆ ನಿಲ್ಲಿಸಿ ಕೈಗೆ ಕೊಟ್ಟು ಫೋಟೋ ತೆಗೆಯುವುದು ಬೇಡ. ಅದೇ ತರಗತಿಯ ಇನ್ನೊಬ್ಬ ಹುಡುಗ ಹೋದ ವರ್ಷ ತೊಟ್ಟಿದ್ದ ಅಂಗಿ ಇವನಿಗೆ ಸಿಗದಂತೆಯೂ ನೋಡಿಕೊಳ್ಳಿ, ಎಲ್ಲರೆದುರು ಗುರುತು ಹಿಡಿದು ಅಂದುಬಿಟ್ಟರೆ ಮಗು ಆ ಅಂಗಿಯನ್ನು ಮತ್ತೆ ತೊಡುವುದಿಲ್ಲ. ಹಾಗಾಗದಿರಲು ಪಕ್ಕದ ಊರಿನ ಶಾಲೆಯೊಂದಿಗೆ ಬಟ್ಟೆಗಳನ್ನು ಅದಲು ಬದಲು ಮಾಡಿಕೊಳ್ಳಬಹುದು.

ಅಂಶು ಗುಪ್ತಾ ಅವರು 1999ರಲ್ಲಿ ಆರಂಭಿಸಿದ ಗೂಂಜ್ ಸಂಸ್ಥೆ ಈ ವಿಷಯದಲ್ಲಿ ಒಳ್ಳೆಯ ಮಾದರಿ. ಊರಿನವರು ಸೇರಿ ತಮ್ಮ ಊರಿಗಾಗಿ ಬಾವಿ ತೋಡುವುದು, ದಾರಿ ಸರಿಪಡಿಸುವುದು ಮುಂತಾದ ಕೆಲಸ ಮಾಡಿದರೆ, ನಗರಗಳಿಂದ ಬಂದ ಬಟ್ಟೆ ಆ ದುಡಿಮೆಯ ಗೌರವವಾಗಿ ಅವರಿಗೆ ಸಲ್ಲುತ್ತದೆ. ಆ ಕೆಲಸಕ್ಕಾಗಿ ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಮ್ಮ ಶಾಲೆಯ ಮಟ್ಟದಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ, ಆ ಮನೋಭಾವ ಇದ್ದರೆ ಸಾಕು. ಗುಳೆ ಹೋಗುವ ಮಕ್ಕಳಿಗೆ ಸ್ವೆಟರು, ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟುಗಳನ್ನು ಮೊದಲು ಕೂಡಿಸಿ. ಕಟ್ಟಡದ ಜಾಗದ ತಗಡಿನ ಜೋಪಡಿಯಲ್ಲಿ ರಾತ್ರಿಯ ಚಳಿಗೂ ಸೊಳ್ಳೆಗೂ ಇವೇ ಬೇಕಾಗುವುದು. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಬರುತ್ತದೆಯಾದರೂ ಮಳೆಗಾಲದಲ್ಲಿ ಒಣಗದೇ ಇದ್ದಾಗ ಇನ್ನೊಂದು ಜೊತೆ ನೆರವಾಗುತ್ತದೆ, ಮೇಲಿನ ತರಗತಿಯವರ ಚಿಕ್ಕದಾದ ಸಮವಸ್ತ್ರಗಳನ್ನು ಶಾಲೆಯಲ್ಲಿಯೇ ಒಂದು ಕಪಾಟಿನಲ್ಲಿ ಇಟ್ಟಿರಿ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಕೊಂಡ ಜಾಲರಿಯ ಫ್ರಾಕುಗಳು ನಾಲ್ಕಿವೆ. ಎರಡು ಸಲವೂ ತೊಟ್ಟಿಲ್ಲ. ಚಮಕಿ ಚುಚ್ಚುತ್ತದೆ ಎಂದು ಯಾರೂ ಒಯ್ಯುವುದಿಲ್ಲ.
— ಓದುಗರು, ಸೇಡಂ, ಕಲಬುರಗಿ ಜಿಲ್ಲೆ

ಉತ್ತರ: ಚಮಕಿ ಚುಚ್ಚುವುದು ಒಳಗಿನ ಅಸ್ತರು ಸಾಲದೇ ಇರುವುದರಿಂದ. ಎರಡನ್ನು ಮೆತ್ತನೆಯ ಹತ್ತಿಯ ಅಸ್ತರು ಹಾಕಿಸಿ ಶಾಲೆಯ ಸ್ನೇಹ ಸಮ್ಮೇಳನದ ನಾಟಕ, ನೃತ್ಯಗಳಿಗೆ ಕೊಡಿ, ಬಾಡಿಗೆ ತರುವ ಖರ್ಚು ಉಳಿಯಿತೆಂದು ಶಿಕ್ಷಕಿಯರು ಸಂತೋಷಪಡುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇಡ, ಉದುರಿದ ಚಮಕಿ ಬಾಯಿಗೆ ಹೋಗುತ್ತದೆ. ಉಳಿದೆರಡರ ಜಾಲರಿಯನ್ನು ಸೊಂಟದ ಹೊಲಿಗೆಯಲ್ಲಿ ಬಿಚ್ಚಿ ನೋಡಿ, ಒಂದೊಂದು ಫ್ರಾಕಿನ ಘೇರಿನಲ್ಲಿ ಎಷ್ಟು ಬಟ್ಟೆ ಇರುತ್ತದೆಂದು ಆಶ್ಚರ್ಯವಾಗುತ್ತದೆ. ಚಮಕಿ ಕಿತ್ತು ಒಗೆದು, ಎರಡರ ಜಾಲರಿಯನ್ನೂ ಕೂಡಿಸಿ ಹೊಲಿದು, ನಾಲ್ಕೂ ಅಂಚಿಗೆ ಹಳೆಯ ಜೀನ್ಸಿನ ಪಟ್ಟಿ ಕೊಟ್ಟು ಭಾರ ಮಾಡಿದರೆ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ, ಕುರುಡಿಗೆ, ಶಾವಿಗೆ ಒಣಹಾಕಿದಾಗ ಮೇಲೆ ಮುಚ್ಚಲು ಬಹಳ ಚೆನ್ನಾಗಿ ಆಗುತ್ತದೆ. ಬಿಸಿಲೂ ಗಾಳಿಯೂ ತಾಗುತ್ತವೆ, ಕಾಗೆ ನೊಣಗಳ ಕಾಟ ಇರುವುದಿಲ್ಲ. ಜಾಲರಿ ನೇರವಾಗಿ ಹಸಿ ಹಿಟ್ಟಿಗೆ ತಾಗಿದರೆ ಅಂಟಿಕೊಳ್ಳುವುದರಿಂದ ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು ಅದರ ಮೇಲಿನಿಂದ ಎಳೆದು ಕಟ್ಟಿ.